ಖಾಲಿ ಎಂದು ಬರೆದುಕೊಟ್ಟ ಎಂಜಿನ್ ಓಡಿದ ಬಗ್ಗೆ

ಇಂದ:
ಗ್ಯಾರೇಜಿನ ಒಡತಿ ಹಾಗೂ ಅಲ್ಲಿನ ಏಕೈಕ ಮೆಕ್ಯಾನಿಕ್
(ಇನ್ನು ಮುಂದೆ 'ಅರ್ಜಿದಾರಳು')

ಗೆ:
ಸರಕು ತಪಾಸಣಾಧಿಕಾರಿಗಳು,
ನಾಲ್ಕನೇ ಗೋದಾಮು, ಬಂದರು ಕಚೇರಿ

ವಿಷಯ: ತಡೆಹಿಡಿದಿರುವ ಎಂಜಿನ್ ಪೆಟ್ಟಿಗೆಯನ್ನು ಗುರುವಾರದ ಹಡಗಿಗೆ ಹತ್ತಿಸಲು ಅನುಮತಿ ಕೋರಿ.

ಉಲ್ಲೇಖ:
(ಅ) 'ಈ ಎಂಜಿನ್‌ನಲ್ಲಿ ಪೆಟ್ರೋಲ್, ಆಯಿಲ್, ನೀರು ಇಲ್ಲ. ಚಾಲೂ ಆಗುವ ಸ್ಥಿತಿಯಲ್ಲಿಲ್ಲ' ಎಂಬ ತಮ್ಮ ಪ್ರಮಾಣಪತ್ರ, ಭಾನುವಾರ ಬೆಳಿಗ್ಗೆ 8.40.
(ಆ) 'ಎಂಜಿನ್ ಚಾಲೂ ಆಗಿತ್ತು' ಎಂಬ ಅಗ್ನಿಶಾಮಕ ಸಿಬ್ಬಂದಿಯ ವರದಿ, ಅದೇ ಭಾನುವಾರ ಬೆಳಿಗ್ಗೆ 9.06.

ಮಾನ್ಯರೇ,

ಮೇಲಿನ ಎರಡೂ ದಾಖಲೆಗಳು ಸತ್ಯ. ನಡುವಿನ ಇಪ್ಪತ್ತಾರು ನಿಮಿಷಗಳ ವಿವರಣೆಯನ್ನು ಅರ್ಜಿದಾರಳು ಈ ಕೆಳಗಿನಂತೆ ಸಲ್ಲಿಸುತ್ತಾಳೆ.

1. ಸದರಿ ಎಂಜಿನ್ ಅರ್ಜಿದಾರಳ ತಂದೆಯ ಕಾರಿನದು. ತಂದೆ ತೀರಿಕೊಳ್ಳುವ ಮುಂಚೆ 'ಕಾರು ಇಬ್ಬರಿಗೂ ಸಮಪಾಲು' ಎಂದು ಬರೆದಿಟ್ಟಿದ್ದರು. ಅಣ್ಣ, ತಾನು ಹಿರಿಯನೆಂಬ ಕಾರಣಕ್ಕೆ, ಇಡೀ ಕಾರನ್ನು ತಾನಿರುವ ಹೊರದೇಶಕ್ಕೆ ಸಾಗಿಸಲು ಹೊರಟ. ಆದ್ದರಿಂದ, ಅವನು ಊಟ ಮಾಡಿ ಮಲಗಿದ್ದ ಎರಡೂವರೆ ಗಂಟೆಯಲ್ಲಿ ಅರ್ಜಿದಾರಳು ಎಂಜಿನ್ ಇಳಿಸಿಕೊಂಡಳು. ಅಣ್ಣ ಎದ್ದು ಬಂದು, ಬಾನೆಟ್ ಎತ್ತಿ ನೋಡಿ, ಉಳಿದದ್ದನ್ನೇ ಹಡಗಿಗೆ ಹಾಕಿಸಿಕೊಂಡು ಹೋದ. ಅಲ್ಲಿಂದೀಚೆಗೆ ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ.

2. ಮಾತಿಲ್ಲವೆಂದರೆ ಸಂಪರ್ಕವಿಲ್ಲವೆಂದಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಣ್ಣನ ಫೋನ್ ಬರುತ್ತದೆ. ಅರ್ಜಿದಾರಳು, ಅವನ ಹೊಟ್ಟೆ ಉರಿಸುವ ಏಕೈಕ ಉದ್ದೇಶದಿಂದ, ಎಂಜಿನ್ ಚಾಲೂ ಮಾಡಿ ಅದರ ಪಕ್ಕ ಫೋನ್ ಹಿಡಿಯುತ್ತಾಳೆ. ಆ ಕಡೆಯಿಂದ ಅಣ್ಣ, ಅದೇ ಉದ್ದೇಶದಿಂದ, ಎಂಜಿನ್ ಇಲ್ಲದ ಆ ಕಾರಿನ ಹಾರನ್ ಒತ್ತುತ್ತಾನೆ. ಬಳಿಕ ಇಬ್ಬರೂ ಫೋನ್ ಇಡುತ್ತಾರೆ.

3. ಬರುವ ತಿಂಗಳು ಅಣ್ಣನಿಗೆ ಅರವತ್ತು ತುಂಬುತ್ತದೆ. ಅಷ್ಟರೊಳಗೆ, ಅವನಿಗೆ ಸುಳಿವು ಕೊಡದೆ, ಎಂಜಿನ್ ಅವನ ಮನೆಬಾಗಿಲಲ್ಲಿ ಇರತಕ್ಕದ್ದೆಂದು ಅರ್ಜಿದಾರಳು ತೀರ್ಮಾನಿಸಿದಳು. ಗುರುವಾರದ ಹಡಗು ತಪ್ಪಿದರೆ ಮುಂದಿನದು ಐದು ವಾರದ ಮೇಲೆ. ಕಾರಣ, ಆಯಿಲನ್ನು ಎರಡು ದಿನ ಸೋರಿಸಿ, ಕಾರ್ಬುರೇಟರ್ ಬರಿದು ಮಾಡಿ, ತೂತುಗಳನ್ನೆಲ್ಲ ಮುಚ್ಚಿ, ಹುಳು ಹತ್ತದಂತೆ ಕಾಯಿಸಿ ಮುದ್ರೆ ಒತ್ತಿದ ಮರದ ಪೆಟ್ಟಿಗೆಯಲ್ಲಿ ಎರಡು ತೊಲೆಗಳ ಮೇಲೆ ನಾಲ್ಕು ಬೋಲ್ಟ್ ಬಿಗಿದು, ತೇವ ಹೀರುವ ಪೊಟ್ಟಣಗಳನ್ನಿಟ್ಟು ತಂದಳು. ಒಟ್ಟು ತೂಕ 196 ಕೆ.ಜಿ. ತಾವು ಇಣುಕಿ ನೋಡಿ, "ಏನಮ್ಮಾ, ಇದು ಎಂಜಿನ್ನೋ ಹಸುಗೂಸೋ?" ಎಂದು ಕೇಳಿ ಸಹಿ ಹಾಕಿದಿರಿ.

4. ತಾವು ಚಹಾಕ್ಕೆ ಹೋದ ಮೇಲೆ, 8.52ಕ್ಕೆ, ಅಂದು ಭಾನುವಾರವೆಂಬುದು ಅರ್ಜಿದಾರಳಿಗೆ ಹೊಳೆಯಿತು. ಎಂಜಿನ್ ಸದ್ದು ಕೇಳದಿದ್ದರೆ ಅಣ್ಣ ಎರಡರಲ್ಲೊಂದು ತಿಳಿಯುತ್ತಾನೆ: ಎಂಜಿನ್ ಕೆಟ್ಟಿತು, ಇಲ್ಲವೇ ತಂಗಿ ಹೋದಳು. ಎರಡಕ್ಕೂ ಅರ್ಜಿದಾರಳ ಆಕ್ಷೇಪಣೆಯಿದೆ. ಸದ್ದನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಬಾರದಿತ್ತೇ ಎಂದು ತಾವು ಆನಂತರ ಕೂಗಾಡಿದ್ದು ನ್ಯಾಯವೇ. ಆದರೆ ಹಿಂದೊಮ್ಮೆ ಜ್ವರ ಬಂದಾಗ ಹಾಗೆ ಮಾಡಿದ್ದಕ್ಕೆ ಹತ್ತೇ ನಿಮಿಷದಲ್ಲಿ 'ಇದು ಹೋದ ವಾರದ್ದು' ಎಂದು ಸಂದೇಶ ಬಂದಿತ್ತು. ಹನ್ನೊಂದು ವರ್ಷದಲ್ಲಿ ಅಣ್ಣ ಬರೆದದ್ದು ಆ ಒಂದೇ ವಾಕ್ಯ.

5. ಆದ್ದರಿಂದ ಪೆಟ್ಟಿಗೆಯ ಒಂದು ಬದಿ ಬಿಚ್ಚಿ, ಚೀಲದಲ್ಲಿದ್ದ ಎರಡು ಲೀಟರ್ ಆಯಿಲ್ ಸುರಿದು, ಫೋರ್ಕ್‌ಲಿಫ್ಟ್ ಚಾಲಕರನ್ನು ಕೇಳಲಾಯಿತು.

"ಯಜಮಾನ್ರೇ, ನಿಮ್ ಬ್ಯಾಟರಿ ಐದ್ ನಿಮಿಷ ಕೊಡಿ."

"ಯಾಕಮ್ಮಾ?"

"ಒಂದು ಫೋನ್ ಬರೋದಿದೆ."

"ಫೋನಿಗೆ ಇಷ್ಟು ದೊಡ್ಡ ಬ್ಯಾಟರಿಯಾ!" ಎಂದರೂ ಕೊಟ್ಟರು. ಪೆಟ್ರೋಲ್ ಮಾತ್ರ ಬಾಗಿಲ ಬಳಿ ನಿಂತಿದ್ದ ಸ್ಕೂಟರಿನಿಂದ ಕಾಲು ಲೀಟರ್ ಪಡೆಯಲಾಯಿತು. ಸ್ಕೂಟರ್ ತಮ್ಮದೆಂದು ಅರ್ಜಿದಾರಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳಲು ಸಮಯವಿರಲಿಲ್ಲ.

6. 9.01ಕ್ಕೆ ಫೋನ್ ಬಂತು. ಎಂಜಿನ್ ನಲವತ್ತು ಸೆಕೆಂಡ್ ಓಡಿತು. ಸೈಲೆನ್ಸರ್ ಇರಲಿಲ್ಲ (ಅದು ಅಣ್ಣನ ಪಾಲು). ಹೊಗೆ ಎದ್ದು ಬೆಂಕಿಯ ಗಂಟೆ ಬಡಿದುಕೊಂಡಿತು, ಲೆಕ್ಕದ ಗುಮಾಸ್ತರು ಮೇಜಿನ ಕೆಳಗೆ ಸೇರಿದರು, ತಾವು ಲೋಟದ ಸಮೇತ ಓಡಿ ಬಂದಿರಿ. "ಯಾರ್ರೀ ಅದು! ಗುರುವಾರ ಹಡಗಿಗೆ ಹೋಗೋ ಎಂಜಿನ್ ಕಣ್ರೀ! ಆಫ್ ಮಾಡ್ರೀ!"

ಫೋನ್ ಇನ್ನೂ ಇಟ್ಟಿರಲಿಲ್ಲ. ಆ ಕಡೆಯಿಂದ ಹಾರನ್ ಬರಲಿಲ್ಲ.

"ಏ ಸ್ಪ್ಯಾನರ್," ಎಂದ ಅಣ್ಣ. ಚಿಕ್ಕಂದಿನಿಂದ ಅವನು ಕರೆಯುವುದೇ ಹಾಗೆ. "ಎಲ್ಲಿಗೇ ಹೋಗುತ್ತೆ ಆ ಹಡಗು?"

"ನಿನಗ್ಯಾಕೋ?"

"ನಮ್ಮ ಕಡೇಗಾ?"

"ಮತ್ತೆ ಬಾನೆಟ್ಟು ಬೇರೆ ಯಾರ ಹತ್ರ ಇದೆ?"

"ಅಯ್ಯೋ, ಆಯಿಲ್ ಹಾಕಿ ತಾನೇ ಓಡಿಸಿದ್ದು?"

"ಹೋಗೋ! ನನಗೇ ಹೇಳಿಕೊಡ್ತೀಯಾ?"

ಅಗ್ನಿಶಾಮಕರು ಬಂದಾಗ ಅರ್ಜಿದಾರಳು ನಗುತ್ತಿದ್ದಳು. ಕಣ್ಣಲ್ಲಿ ನೀರಿದ್ದದ್ದು ಹೊಗೆಯಿಂದ. ವರದಿಯಲ್ಲಿ 'ಅಳುತ್ತಿದ್ದರು' ಎಂದಿರುವುದನ್ನು ತಿದ್ದತಕ್ಕದ್ದು.

7. ಎಂಜಿನನ್ನು ಮತ್ತೆ ಬರಿದು ಮಾಡಿ ಮುಚ್ಚಲಾಗಿದೆ. ನಾಲ್ಕು ಬೋಲ್ಟ್‌ಗಳಲ್ಲಿ ಒಂದೂ ಕೂದಲೆಳೆಯಷ್ಟು ಸಡಿಲವಾಗಿಲ್ಲ. ಪೆಟ್ಟಿಗೆಯೊಳಗೇ ಓಡಿ ಜಗ್ಗದ ಎಂಜಿನನ್ನು ಸಮುದ್ರ ಏನು ಅಲ್ಲಾಡಿಸೀತು? ಇಂಥ ಪರೀಕ್ಷೆ ಪಾಸಾದ ಪೆಟ್ಟಿಗೆ ತಮ್ಮ ಗೋದಾಮಿನಲ್ಲಿ ಇನ್ನೊಂದಿಲ್ಲ. ಕಾರಣ, ಮರುತಪಾಸಣೆ ಮಾಡಿ ಗುರುವಾರವೇ ಹತ್ತಿಸಬೇಕು.

8. ಇನ್ನೊಂದು ತೊಡಕಿದೆ. ಫೋನ್ ಇಡುವ ಮುಂಚೆ ಅಣ್ಣ ಹೇಳಿದ್ದು: "ಇಲ್ಲಿಯವರ ಕೈಗೆ ಅಪ್ಪನ ಎಂಜಿನ್ ಕೊಡಲ್ಲ ನಾನು. ನೀನೇ ಬಂದು ಕೂರಿಸು. ಬರೀ ಎಂಜಿನ್ ಬಂದ್ರೆ ವಾಪಸ್ ಕಳಿಸ್ತೀನಿ, ನೋಡ್ತಿರು!" ವಾಪಸ್ ಬಂದರೆ ಅದನ್ನು ಬಿಚ್ಚಿ ತಪಾಸಣೆ ಮಾಡಬೇಕಾದವರು ತಾವೇ. ಹಡಗಿನ ಕಪ್ತಾನರನ್ನು ವಿಚಾರಿಸಲಾಗಿ, "ಪ್ರಯಾಣಿಕರನ್ನು ಹತ್ತಿಸಲ್ಲಮ್ಮ, ಸರಕಾದ್ರೆ ಸರಿ" ಎಂದರು. ಆದ್ದರಿಂದ ತಮ್ಮ ನಮೂನೆಯ ಹದಿನಾಲ್ಕನೇ ಕಲಂ, 'ಜೋಡಣೆಗೆ ಅವಶ್ಯವಾದ ಬಿಡಿಭಾಗಗಳು' ಎಂಬಲ್ಲಿ ಹೀಗೆ ತುಂಬಲಾಗಿದೆ: 'ಮೆಕ್ಯಾನಿಕ್, ಒಂದು. ಬಳಸಿದ್ದು. 61 ಕೆ.ಜಿ. ಚಾಲೂ ಸ್ಥಿತಿಯಲ್ಲಿದೆ.'

ಇದನ್ನು ಮಾನ್ಯ ಮಾಡಬೇಕಾಗಿ ಕೋರುವ,

ಇಷ್ಟಾದರೂ ತಮ್ಮ ವಿಶ್ವಾಸಿ,
(ಸಹಿ)
ಅರ್ಜಿದಾರಳು

ಲಗತ್ತುಗಳು:
ಬೋಲ್ಟ್‌ಗಳ ಬಿಗಿತದ ಅಳತೆ, ಓಡುವ ಮುಂಚಿನದು ಮತ್ತು ನಂತರದ್ದು.
ತಮ್ಮ ಸ್ಕೂಟರಿಗೆ ಪೂರ್ತಿ ಟ್ಯಾಂಕ್ ತುಂಬಿಸಿದ ಚೀಟಿ.
ಅರ್ಜಿದಾರಳ ತೂಕದ ಚೀಟಿ (ಗೋದಾಮಿನ ಕಾಟಾದಲ್ಲೇ ತೂಗಿದ್ದು).

ವಿ.ಸೂ.: ಪೆಟ್ಟಿಗೆಗೆ 'ಈ ಬದಿ ಮೇಲಕ್ಕೆ' ಎಂಬ ಚೀಟಿ ಒಂದೇ ಕೊಟ್ಟಿರುತ್ತೀರಿ. ಅರ್ಜಿದಾರಳು ಸೂಟ್‌ಕೇಸ್ ಸಮೇತ ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುವುದರಿಂದ, ಇನ್ನೊಂದು ಚೀಟಿ ಕೊಡಿಸಬೇಕಾಗಿ ವಿನಂತಿ.