ದೊಡ್ಡಪ್ಪನ ಹೆಗಲ ಹಗ್ಗ

ನಮ್ಮ ಮನೆಗೆ ಡಿಗ್ರಿ ಬರುವುದು ಸಾಧ್ಯವೇ ಇಲ್ಲ ಎಂದು ನಾವಿರುವ ಗಲ್ಫಿನ ಬಡಾವಣೆ ವಾದಿ ಕಬೀರಿನ ತುಂಬ ಸಾರಿದವರು ನನ್ನ ಸ್ವಂತ ದೊಡ್ಡಪ್ಪ!

"ಹಗ್ಗ ಎಳೆದವರ ಮನೆ ಮಾರಾಯ್ತಿ ನಮ್ಮದು. ಡಿಗ್ರಿ ಎಲ್ಲಿಂದ ಬರ್ತದೆ?"

ಹಗ್ಗ ಎಂದರೆ ನಿಜವಾದ ಹಗ್ಗ. ಮೀಸೆ ಚಿಗುರುವ ವಯಸ್ಸಿನಲ್ಲಿ ದೊಡ್ಡಪ್ಪ ನೇತ್ರಾವತಿಯ ದಂಡೆಯಲ್ಲಿ ನಡೆಯುತ್ತ, ಹಂಚು ತುಂಬಿದ ದೋಣಿಗಳನ್ನು ನೀರಿನ ಸೆಳೆತಕ್ಕೆ ಎದುರಾಗಿ ಎಳೆದವರು. ಈಗ ಇಲ್ಲೇ ಹತ್ತಿರದ ಘಾಲಾದ ಗ್ಯಾರೇಜಿನಲ್ಲಿ ಕೆಲಸ. ಆದರೆ ಈ ಸುದ್ದಿ ಅವರ ಹೆಗಲಿಗೆ ಇನ್ನೂ ಮುಟ್ಟಿಲ್ಲ! ಬೌಷರಿನ ಮಾಲಿನಲ್ಲಿ ಎಲ್ಲರೂ ಟ್ರಾಲಿ ತಳ್ಳುತ್ತಾರಷ್ಟೇ? ಇವರು ಅದಕ್ಕೆ ಹಗ್ಗ ಕಟ್ಟಿ, ಮುಂದಕ್ಕೆ ಬಾಗಿ ಎಳೆಯುತ್ತಾರೆ. ಸೆಕ್ಯೂರಿಟಿಯವನು ಓಡಿ ಬಂದು "ಚಾಚಾ, ಯೇ ಕ್ಯಾ ಹೈ?" ಎಂದರೆ, "ತಳ್ಳಿದ್ರೆ ಮುಂದೆ ಎಂತ ಉಂಟೂಂತ ಕಾಣ್ತದಾ?" ಎಂದು ಕನ್ನಡದಲ್ಲೇ ಗದರುತ್ತಾರೆ.

ನಾನು ಬಿಡಿಭಾಗದ ಅಂಗಡಿಯಲ್ಲಿ ದುಡಿಯುತ್ತ, ಎರಡು ಸಲ ಫೇಲಾಗಿ, ದೂರಶಿಕ್ಷಣದ ಕೊನೆಯ ವರ್ಷಕ್ಕೆ ಬಂದಿದ್ದೆ. ಪ್ರಾಜೆಕ್ಟಿನ ವಿಷಯ, ದೋಣಿ ಎಳೆದ ಕೂಲಿಗಳ ಚರಿತ್ರೆ. ರಷ್ಯಾದಲ್ಲೂ ಚೀನಾದಲ್ಲೂ ಹೀಗೆ ಎಳೆಯುತ್ತಿದ್ದರು ಎಂದಾಗ ದೊಡ್ಡಪ್ಪ ತಟ್ಟೆ ಕೆಳಗಿಟ್ಟರು. "ಅಲ್ಲಿಯೂ ನಮ್ಮವರು ಉಂಟಾ?"

ಪುಸ್ತಕ ನೋಡಿ ಬರೆದೆ. ಪಕ್ಕದಲ್ಲೇ ಕೂತವರನ್ನು ಒಂದು ಮಾತೂ ಕೇಳಲಿಲ್ಲ. ಓದಿದವಳಲ್ಲವೇ ನಾನು!

ಮೌಖಿಕ ಪರೀಕ್ಷೆ ಕಂಪ್ಯೂಟರಿನಲ್ಲಿ. ದೊಡ್ಡಪ್ಪನನ್ನು ಅಡುಗೆಮನೆಗೆ ಅಟ್ಟಿ, "ಕೆಮ್ಮಲೂ ಬೇಡಿ" ಎಂದಿದ್ದೆ.

ಪರೀಕ್ಷಕಿ ಹಾಳೆ ತಿರುವಿದರು. "ಹಗ್ಗವನ್ನು ದೋಣಿಯ ಮೂತಿಗೆ ಕಟ್ಟುತ್ತಿದ್ದರು ಎಂದು ಬರೆದಿದ್ದೀರಿ. ಹಾಗೆ ಕಟ್ಟಿ ದಡದಿಂದ ಎಳೆದರೆ ದೋಣಿ ಎತ್ತ ಹೋಗುತ್ತದೆ?"

ಎತ್ತ ಹೋಗುತ್ತದೆ? ಪುಸ್ತಕದಲ್ಲಿ ಬರೀ ಚಿತ್ರವಿತ್ತು! ಮೂರನೇ ಸಲವೂ ಫೇಲಾದರೆ ಇನ್ನು ಅವಕಾಶವಿಲ್ಲ. ಅವರು ಗಡಿಯಾರ ನೋಡಿದರು.

"ದಡಕ್ಕೆ ಹೋಗಿ ಗುದ್ದುತ್ತದೆ! ನಡುವಿನ ಕಂಬಕ್ಕೆ ಕಟ್ಬೇಕು ಮಾರಾಯ್ತಿ, ಕಂಬಕ್ಕೆ!" ಅಡುಗೆಮನೆ ಕೂಗಿತು.

ಖಲಾಸ್!

"ಯಾರದು?" ಪರೀಕ್ಷಕಿಯ ದನಿ ಗಡುಸಾಯಿತು.

ಪಕ್ಕದ ಮನೆಯ ಟೀವಿ ಎನ್ನಲೇ? ಬಾಯಿಗೂ ಬಂದಿತ್ತು. "ನನ್ನ ದೊಡ್ಡಪ್ಪ, ಮೇಡಂ. ದೋಣಿ ಎಳೆದವರು."

ಅವರು ಕನ್ನಡಕ ತೆಗೆದರು. "ಮತ್ತೆ ಈ ಅರವತ್ತು ಪುಟದಲ್ಲಿ ಅವರು ಯಾಕಿಲ್ಲ?"

ಅಷ್ಟರಲ್ಲಿ ದೊಡ್ಡಪ್ಪ ನನ್ನ ಚಕ್ರದ ಸೂಟ್‌ಕೇಸಿನ ಮೂತಿಗೆ ಹಗ್ಗ ಕಟ್ಟಿ ಹಾಜರ್! ಪಕ್ಕದಿಂದ ಎಳೆದರು. ಅದು ಮೂತಿ ತಿರುಗಿಸಿ ಕಪಾಟಿಗೆ ಢಿಕ್ಕಿ ಹೊಡೆಯಿತು. "ನೋಡಿ ಅಮ್ಮ, ಇವಳ ದೋಣಿ!"

ಪರೀಕ್ಷಕಿ ನಗಲಿಲ್ಲ. "ಒಂದು ತಿಂಗಳು ಕೊಡುತ್ತೇನೆ. ಇವರನ್ನು ಕೇಳಿ, ಮತ್ತೆ ಬರೆಯಿರಿ."

ಕೇಳಿದೆ. ಪ್ರತಿದಿನ ಕೇಳಿದೆ. ಹಗ್ಗ ಕೊರೆದ ಹೆಗಲಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮರುದಿನ ಅದೇ ಜಾಗಕ್ಕೆ ಹಗ್ಗ ಹಾಕುತ್ತಿದ್ದುದನ್ನು, ಆ ಕೂಲಿಯ ದುಡ್ಡಿನಲ್ಲಿ ನನ್ನಪ್ಪನ ಶಾಲೆ ಐದನೆಯ ತರಗತಿಯವರೆಗೆ ಮಾತ್ರ ನಡೆದುದನ್ನು ಮೊದಲ ಸಲ ಹೇಳಿದರು.

ಪ್ರಮಾಣಪತ್ರ ಬಂದ ದಿನ ದೊಡ್ಡಪ್ಪ ಸೋಪು ಹಾಕಿ ಎರಡು ಸಲ ಕೈ ತೊಳೆದು ಬಂದರು. ಕೊಟ್ಟೆ. ಅಂಗೈಯಲ್ಲಿಟ್ಟು ತೂಗಿದರು. ಆಮೇಲೆ ಮೆಲ್ಲಗೆ ಬಲ ಹೆಗಲ ಮೇಲೆ, ಆ ಹಳೆಯ ಗಾಯದ ಗುರುತಿನ ಮೇಲೆ, ಇಟ್ಟುಕೊಂಡರು.

"ಇಷ್ಟು ಹಗುರವಾ ಮಗಾ ಇದು? ಎಳೆಯುವಾಗ ಎಷ್ಟು ಭಾರ ಇತ್ತು!"