ಕಾರಿಗೆ ಗಂಟಲು ಬಂದ ಮೇಲೆ

ನನ್ನ ಕಾರಿನ ಮೇಲೆ ನನಗಿದ್ದ ದೂರು ಒಂದೇ. ಅದು ಸದ್ದು ಮಾಡುತ್ತಿರಲಿಲ್ಲ.

ನೀವು ನಗಬಹುದು. ಸದ್ದು ಮಾಡದ ಕಾರು ಯಾರಿಗೆ ಬೇಡ? ಆದರೆ ನನ್ನದು ಬರೀ ಕಾರಲ್ಲ, ಸ್ಪೋರ್ಟ್ಸ್ ಕಾರು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದಂತಿರುವ, ಎರಡೇ ಬಾಗಿಲಿನ, ಎರಡೇ ಸೀಟಿನ, ಕಡುಗೆಂಪು ಬಣ್ಣದ ಮಹಾರಥ. ಯಾರೋ ಪುಣ್ಯಾತ್ಮ ಓಡಿಸಿ ಬಿಟ್ಟದ್ದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ತಂದಿದ್ದೆ. ನಾನು ಹಲ್ಲಿನ ಡಾಕ್ಟರು. ಜೀವಮಾನವೆಲ್ಲ ಮಂದಿಯ ಬಾಯಿಯೊಳಗೆ ಇಣುಕಿ ಸವೆದವನು. ಒಂದು ಸಲವಾದರೂ, ನಾನು ಹೇಳದೆಯೇ, ಮಂದಿ ನನ್ನನ್ನು ನೋಡಿ ಬಾಯಿ ತೆರೆಯಲಿ ಎಂದು ಆಸೆಪಟ್ಟರೆ ಅದೇನು ಅಪರಾಧವೇ?

ಯಾರೂ ತೆರೆಯಲಿಲ್ಲ. ಕಾರು ಬೀದಿಗೆ ಬರುತ್ತಿದ್ದ ರೀತಿಯೇ ಹಾಗಿತ್ತು. ಹಾಲು ಕುಡಿಯಲು ಬೆಕ್ಕು ಅಡುಗೆಮನೆಗೆ ಬಂದ ಹಾಗೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಗಿಡಗಳಿಗೆ ನೀರು ಬಿಡುತ್ತ ನಿಂತಿದ್ದಾಗ ನಾನು ಅವರ ಹಿಂದೆಯೇ ಬಂದು ನಿಲ್ಲಿಸಿದೆ. ಅವರು ಯಾವುದೋ ಯೋಚನೆಯಲ್ಲಿ ತಿರುಗಿ ಕಾರಿಗೂ ನಾಲ್ಕು ಹನಿ ನೀರು ಹಾಕಿ ಮುಂದಿನ ಗಿಡಕ್ಕೆ ಹೋದರು.

(ಇಲ್ಲಿ ಒಂದು ಗುಟ್ಟು ಹೇಳಬೇಕು. ನನ್ನಾಕೆ ಓದುವಾಗ ಕಂಸದೊಳಗಿನದನ್ನೆಲ್ಲ ಬಿಟ್ಟು ಓದುತ್ತಾಳೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ನನಗೆ ರಕ್ತದಲ್ಲಿ ಸಕ್ಕರೆ ಜಾಸ್ತಿ. ಸಿಹಿ ಮುಟ್ಟಕೂಡದು ಎಂದು ನಮ್ಮ ಡಾಕ್ಟರು ಅಪ್ಪಣೆ ಕೊಟ್ಟಿದ್ದಾರೆ, ಅದನ್ನು ಜಾರಿಗೆ ತರುವ ಅಧಿಕಾರ ನನ್ನಾಕೆಯ ಕೈಯಲ್ಲಿದೆ. ಮನೆಯಲ್ಲಿ ಸಕ್ಕರೆ ಡಬ್ಬಿ ಇರುವ ಜಾಗ ನನಗೆ ಗೊತ್ತಿಲ್ಲ. ಆದರೆ ಮನೆಗೆ ಎರಡು ಬೀದಿ ಆಚೆ, ತಿರುವಿನಲ್ಲಿ, ಒಂದು ಬೇಕರಿ ಇದೆ. ಅದರ ಒಳಮೂಲೆಯಲ್ಲಿ ಬೀದಿಗೆ ಕಾಣದ ಒಂದು ಪುಟ್ಟ ಮೇಜಿದೆ. ಸಂಜೆ ಕ್ಲಿನಿಕ್ ಮುಚ್ಚಿ ಬರುವಾಗ ಆ ಮೇಜಿನ ಮುಂದೆ ಕೂತು ಒಂದು ತುಂಡು ಚಾಕೊಲೇಟ್ ಕೇಕ್ ತಿನ್ನುವುದೇ ನನ್ನ ಬಾಳಿನಲ್ಲಿ ಉಳಿದಿರುವ ಏಕೈಕ ಸ್ವಾತಂತ್ರ್ಯ. ಸಿಹಿ ತಿನ್ನಬೇಡಿ ಎಂದು ದಿನವಿಡೀ ಪೇಷಂಟ್‌ಗಳಿಗೆ ಹೇಳಿ ಹೇಳಿ ನನ್ನ ಬಾಯಿ ಎಷ್ಟು ಕಹಿಯಾಗಿರುತ್ತದೆ ಎಂದು ನೀವೇ ಊಹಿಸಿ.)

ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿದೆ. ಅವನನ್ನು ಎಲ್ಲರೂ ಸರ್ಜನ್ ಎಂದೇ ಕರೆಯುತ್ತಾರೆ, ಯಾವ ಗಾಡಿ ಬಂದರೂ ಮೊದಲು ಹೊಟ್ಟೆ ಬಿಚ್ಚುವ ಸ್ವಭಾವ ಅವನದು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಎತ್ತಿ, ತಲೆಯಾಡಿಸಿದ.

"ಡಾಕ್ಟ್ರೇ, ಇದಕ್ಕೆ ಮೂಗು ಕಟ್ಟಿದೆ."

"ಯಾವಾಗಿಂದ?"

"ಹುಟ್ಟಿದಾಗಿಂದ. ಗಾಳಿ ಒಳಗೆ ಹೋಗೋಕೆ ಇಷ್ಟೇ ಇಷ್ಟು ದಾರಿ ಇದೆ. ಹೊರಗೆ ಬರೋಕೆ ಇನ್ನೂ ಕಷ್ಟ, ಸೈಲೆನ್ಸರ್ ಅದರ ಬಾಯಿ ಮುಚ್ಚಿ ಹಿಡ್ಕೊಂಡಿದೆ. ಓಟಗಾರನಿಗೆ ಒಂದು ಸ್ಟ್ರಾ ಕೊಟ್ಟು, ಇದರಲ್ಲೇ ಉಸಿರಾಡ್ಕೊಂಡು ಓಡಪ್ಪಾ ಅಂದ ಹಾಗೆ. ಪಾಪ ಅಲ್ವಾ?"

ನನಗೆ ನಿಜಕ್ಕೂ ಪಾಪ ಅನ್ನಿಸಿತು. ಮುಂದೆ ದೊಡ್ಡ ಏರ್ ಫಿಲ್ಟರ್, ಅಗಲವಾದ ಗಾಳಿಪೈಪು. ಹಿಂದೆ ಸ್ಟೀಲಿನ ಹೊಸ ಸೈಲೆನ್ಸರ್, ಜೋಡಿ ಬಾಯಿಯದು. ಇಷ್ಟೇ ಆಪರೇಷನ್ ಎಂದ ಅವನು. ಪೊಲೀಸರು ಹಿಡಿಯುವುದಿಲ್ಲವೇ ಎಂದು ಕೇಳಿದರೆ, ಸದ್ದಿನ ಮೀಟರ್ ಇಟ್ಟು ಕಾನೂನಿನ ಗೆರೆ ದಾಟದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಧೈರ್ಯ ಹೇಳಿದ. ನಾನು ಪೊಲೀಸರಿಗೆ ಹೆದರಿದವನೇ ಅಲ್ಲ. ಹೆದರಬೇಕಾದದ್ದು ಮನೆಯಲ್ಲಿದ್ದವರಿಗೆ.

ನನ್ನಾಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತಳಾದವಳು. ವರ್ಷಗಟ್ಟಲೆ ತಂತಿ ಸಿಕ್ಕಿಸಿಕೊಂಡು ಕೂತ ಕಿವಿ ಅದು. ಫೋನಿನಲ್ಲಿ ಯಾರಾದರೂ ಉಸಿರು ಎಳೆದುಕೊಂಡರೆ ಸಾಕು, ಅವರು ಯಾರು, ಈಗ ಹೇಳಹೊರಟಿರುವುದು ನಿಜವೋ ಸುಳ್ಳೋ ಎಂದು ತಿಳಿದುಬಿಡುತ್ತದೆ. ಅವಳ ತಾಯಿ, ಅಂದರೆ ನಮ್ಮತ್ತೆ, ನಮ್ಮ ಜೊತೆಯಲ್ಲೇ ಇದ್ದಾರೆ. ಅವರದು ಇದಕ್ಕೆ ಪೂರ್ತಿ ಉಲ್ಟಾ. ಕಿವಿ ಮಂದವಾಗಿ ಬಹಳ ಕಾಲವಾಯಿತು. ಕಿವಿಯ ಮಿಷನ್ನು ಹಾಕಿಕೊಂಡರೆ ಎಲ್ಲರೂ ಜಗಳವಾಡುತ್ತಿರುವ ಹಾಗೆ ಕೇಳಿಸುತ್ತದೆ ಎಂದು ಅದನ್ನು ಕಪಾಟಿನಲ್ಲಿಟ್ಟಿದ್ದಾರೆ. ಒಂದು ಮನೆಯ ಪಾಲಿಗೆ ಬರಬೇಕಾದ ಕಿವಿಯನ್ನೆಲ್ಲ ಮಗಳೊಬ್ಬಳೇ ತೆಗೆದುಕೊಂಡಿದ್ದಾಳೆ ಅನ್ನಿಸುತ್ತದೆ ನನಗೆ.

ಊಟದ ಹೊತ್ತಿಗೆ ವಿಷಯ ಎತ್ತಿದೆ.

"ದಿನವಿಡೀ ಡ್ರಿಲ್ಲಿನ ಸದ್ದು ಸಾಲದಾ ನಿಮಗೆ?" ಎಂದಳು.

"ಇದು ಸದ್ದಿನ ಮಾತಲ್ಲ ಕಣೇ, ಉಸಿರಾಟದ ಮಾತು."

"ಯಾರ ಉಸಿರಾಟ?"

"ಕಾರಿಂದು."

"ನೀವು ನಮ್ಮನೆ ಮೆಟ್ಟಿಲು ಹತ್ತೋ ಹೊತ್ತಿಗೆ ಏದುಸಿರು ಬಿಡ್ತೀರಲ್ಲ, ಮೊದಲು ನಿಮಗೊಂದು ಪೈಪು ಹಾಕಿಸ್ಕೊಳ್ಳಿ."

ನಾನು ಮುಖ ಸಪ್ಪಗೆ ಮಾಡಿಕೊಂಡು ಸಪ್ಪೆ ತರಕಾರಿ ಅಗಿದೆ. ಅವಳು ತಣ್ಣಗೆ ಕೇಳಿದಳು.

"ಸದ್ದು ಎಲ್ಲಿವರೆಗೆ ಕೇಳಿಸುತ್ತೆ?"

"ಎಲ್ಲಿವರೆಗೆ ಅಂದ್ರೆ? ಎರಡು ಬೀದಿ ಆಚೆಯಿಂದ ಕೇಳಿಸುತ್ತೆ!" ಎಂದು ಎದೆಯುಬ್ಬಿಸಿದೆ.

"ಹೌದಾ? ಹಾಗಾದ್ರೆ ಹಾಕಿಸಿ."

ಇಷ್ಟು ವರ್ಷ ಬಾಳಿದ ಹೆಂಡತಿ ಕೊನೆಗೂ ನನ್ನ ಮನಸ್ಸನ್ನು ಅರಿತಳಲ್ಲ ಎಂದು ಹಿಗ್ಗಿದೆ. ಎರಡನೇ ಸಲ ತರಕಾರಿ ಬಡಿಸಿದರೂ ಬೇಡ ಎನ್ನಲಿಲ್ಲ.

ಆಪರೇಷನ್ ದಿನ ಕ್ಲಿನಿಕ್‌ಗೆ ರಜ ಹಾಕಿ ಗ್ಯಾರೇಜಿಗೆ ಹೋದೆ. ಕಾರನ್ನು ಮೇಲಕ್ಕೆತ್ತಿದ್ದರು. ಸರ್ಜನ್ ಅದರ ಅಡಿ ನಿಂತು ಬೋಲ್ಟ್‌ಗಳ ಜೊತೆ ಗುದ್ದಾಡುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದು, "ಅಲುಗಾಡಿಸಿ ನೋಡಿ, ಒಂದೇ ಸಲ ಎಳೀಬೇಡಿ" ಎಂದು ವೃತ್ತಿಬಾಂಧವನಿಗೆ ಕೊಡುವ ಸಲಹೆ ಕೊಡುತ್ತಿದ್ದೆ. ಹಳೇ ಸೈಲೆನ್ಸರ್ ತುಕ್ಕು ಉದುರಿಸುತ್ತ ಕೆಳಗೆ ಬಂತು. ಬುದ್ಧಿಹಲ್ಲು ಕಿತ್ತು ಟ್ರೇಯಲ್ಲಿ ಹಾಕಿದಾಗ ಆಗುವಂಥದೇ ನೆಮ್ಮದಿ ನನಗಾಯಿತು. ಅದರ ಜೊತೆ ನನ್ನ ಬುದ್ಧಿಯೂ ಹೋಯಿತೆಂದು ಆಗ ಹೊಳೆಯಲಿಲ್ಲ.

ಹೊಸ ಸಾಮಾನುಗಳು ಕೂತ ಮೇಲೆ ಸರ್ಜನ್ ಕೀಲಿ ನನ್ನ ಕೈಗೆ ಕೊಟ್ಟ. ತಿರುಗಿಸಿದೆ. ಅಬ್ಬಾ! ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳು ಗಿಲಿಗಿಲಿ ಅಂದವು. ಆಕ್ಸಿಲರೇಟರ್ ಒತ್ತಿದರೆ ಮುಂದುಗಡೆ ಬುಸ್ ಎಂದು ಗಾಳಿ ಎಳೆದುಕೊಂಡಿತು. ಕಾಲು ತೆಗೆದರೆ ಹಿಂದುಗಡೆ ಪಟಪಟ ಎಂದು ಸಿಡಿಯಿತು.

"ವೇಗ ಕಮ್ಮಿ ಮಾಡಿದಾಗೆಲ್ಲ ಹೀಗೇ ಪಟಪಟ ಅನ್ನುತ್ತಾ?" ಎಂದೆ.

"ಅದೇ ಡಾಕ್ಟ್ರೇ ಇದರ ಗತ್ತು. ಎಲ್ಲಿ ಓಡ್ತು, ಎಲ್ಲಿ ನಿಧಾನ ಆಯ್ತು, ಎಲ್ಲಿ ನಿಂತ್ಕೊಳ್ತು, ಕಣ್ಣು ಮುಚ್ಕೊಂಡು ಹೇಳ್ಬಹುದು."

ಮೀಟರ್ ಹಿಡಿದು ಗೆರೆಯೊಳಗೇ ಇದೆ ಎಂದು ತೋರಿಸಿ ನನ್ನನ್ನು ಕಳಿಸಿಕೊಟ್ಟ. ಕಣ್ಣು ಮುಚ್ಚಿಕೊಂಡು ಹೇಳಬಹುದು ಎಂದ ಅವನ ಮಾತಿನ ಅರ್ಥ ಅಲ್ಲಿಯೇ ಮನಸ್ಸಿಗೆ ನಾಟಿದ್ದರೆ ಇವತ್ತು ನಾನು ಸುಖವಾಗಿರುತ್ತಿದ್ದೆ.

ಆ ದಿನದ ಮೆರವಣಿಗೆಯನ್ನು ಏನೆಂದು ಹೇಳಲಿ! ಬೀದಿಬದಿಯವರೆಲ್ಲ ತಿರುಗಿ ನೋಡಿದರು, ಕೆಲವರು ಬಾಯಿಯನ್ನೂ ತೆರೆದರು. (ಒಬ್ಬರಿಗೆ ಕೆಳಗಿನ ಸಾಲಿನಲ್ಲಿ ಹುಳುಕಿತ್ತು.) ಹೆಡ್‌ಮಾಸ್ಟರು ಬೆಚ್ಚಿಬಿದ್ದು ಸ್ವಂತ ಚಪ್ಪಲಿಗೆ ನೀರು ಹಾಕಿಕೊಂಡರು. ಮನೆಯ ಮುಂದೆ ಬಂದರೆ ಗೇಟು ತೆರೆದಿತ್ತು. ಪಕ್ಕದಲ್ಲಿ ನಮ್ಮತ್ತೆ, ಗೇಟಿನ ಕಂಬಿ ಹಿಡಿದು ನಿಂತಿದ್ದರು.

"ಅಳಿಯಂದ್ರೇ, ನನಗೆ ಕೇಳಿಸ್ತು! ಒಳಗೆ ಕೂತಿದ್ದೆ, ನೀವು ಬರ್ತಿರೋದು ಕೇಳಿಸ್ತು! ನಾನೇ ಬಂದು ಗೇಟು ತೆಗೆದೆ!"

ಮನೆಯ ಕರೆಗಂಟೆ, ಕುಕ್ಕರಿನ ಸೀಟಿ, ನಾವು ದೂರದಿಂದ ಕೂಗುವ ಕೂಗು, ಯಾವುದೂ ಮುಟ್ಟದ ಕಿವಿಗೆ ನನ್ನ ಕಾರು ಮುಟ್ಟಿತ್ತು. ಅವರ ಮುಖ ನೋಡಿ ನನಗೆ ನಿಜವಾಗಿಯೂ ಕಣ್ಣು ಒದ್ದೆಯಾಯಿತು. ಇಷ್ಟು ಪುಣ್ಯದ ಕೆಲಸ ನಾನು ಈವರೆಗೆ ಮಾಡಿರಲಿಲ್ಲ ಅನ್ನಿಸಿತು.

ಮಾರನೆಯ ಸಂಜೆ ಎಂದಿನಂತೆ ಕ್ಲಿನಿಕ್ ಮುಚ್ಚಿ, ಎಂದಿನಂತೆ ಬೇಕರಿಯ ಒಳಮೂಲೆಯಲ್ಲಿ ನನ್ನ ಸ್ವಾತಂತ್ರ್ಯವನ್ನು ಚಮಚದಲ್ಲಿ ಅನುಭವಿಸಿ, ತುಟಿ ಒರೆಸಿಕೊಂಡು ಮನೆಗೆ ಬಂದೆ. ನನ್ನಾಕೆ ಸೌತೆಕಾಯಿ ಹೆಚ್ಚುತ್ತ ಕೂತಿದ್ದಳು.

"ಯಾಕೆ ತಡ?"

"ಕೊನೇ ಪೇಷಂಟ್ ಬಂದ ನೋಡು, ದವಡೆ ಹಲ್ಲು..."

"ಕೇಕು ಹೇಗಿತ್ತು?"

"ಯಾವ ಕೇಕು?"

"ದೊಡ್ಡ ರಸ್ತೇಲಿ ಬುಸ್ ಅಂತು. ಬೇಕರಿ ತಿರುವಲ್ಲಿ ಪಟಪಟ ಅಂತು. ಆಮೇಲೆ ಗಪ್‌ಚಿಪ್. ನಾನು ಒಂದು ಇಡೀ ಸೌತೆಕಾಯಿ ಹೆಚ್ಚಿದೆ. ಆಮೇಲೆ ಮತ್ತೆ ಬುಸ್."

"ಸಿಗ್ನಲ್ಲಲ್ಲಿ ಸ್ವಲ್ಪ ತಡವಾಯ್ತು ಕಣೇ."

"ಆ ತಿರುವಲ್ಲಿ ಸಿಗ್ನಲ್ ಎಲ್ಲಿದೆ? ಇದ್ರೂ ಎಂಜಿನ್ ಆಫ್ ಮಾಡಿ, ಇಳಿದು, ತಿಂದು, ಹತ್ತೋ ಸಿಗ್ನಲ್ ಯಾವುದ್ರೀ ಅದು?"

ಯೋಚಿಸಿ ನೋಡಿ. ಕಳ್ಳತನದ ಮೇಲೆ ಜೀವನ ನಡೆಸುವ ನಾನು ನನ್ನ ಬೆನ್ನಿಗೆ ನಾನೇ ಡೋಲು ಕಟ್ಟಿಸಿಕೊಂಡು ಬಂದಿದ್ದೆ. ಅದೂ ರಜ ಹಾಕಿ, ಟಾರ್ಚ್ ಹಿಡಿದು.

ಆಮೇಲೆ ನಾನು ಮಾಡದ ಉಪಾಯವಿಲ್ಲ. ತಿರುವು ಬರುವ ಮೊದಲೇ ಕಾಲು ತೆಗೆದು ತೇಲಿಸಿಕೊಂಡು ಬಂದೆ. ಕಾರು ಮುಂಚಿತವಾಗಿಯೇ ಪಟಪಟ ಅಂದಿತು. ಬೇಕರಿ ದಾಟಿ ಮುಂದಿನ ಬೀದಿಯಲ್ಲಿ ನಿಲ್ಲಿಸಿ ಹಿಂದಕ್ಕೆ ನಡೆದು ಬಂದೆ. "ಇವತ್ತು ಔಷಧಿ ಅಂಗಡಿ ಮುಂದೆ ನಿಲ್ಲಿಸಿದ್ರಾ?" ಎಂದು ಕೇಳಿದಳು. ಸೋತು, ಸರ್ಜನ್ ಹತ್ತಿರ ಓಡಿ, ಹಳೇ ಸೈಲೆನ್ಸರನ್ನೇ ಮತ್ತೆ ಕೂರಿಸು ಎಂದು ಗೋಗರೆದೆ. ಅವನು ಒಪ್ಪಿದ. ಆದರೆ ಮನೆಯಲ್ಲಿ ಅದನ್ನು ಹೇಳಿದಾಗ, ನನ್ನಾಕೆ ತಾಯಿಯ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ತಿಳಿಸಿದಳು.

"ಅದನ್ನ ತೆಗೆಸ್ತೀರಾ ಅಳಿಯಂದ್ರೇ?" ಎಂದರು ನಮ್ಮತ್ತೆ. "ನನಗೆ ಕೇಳಿಸೋದು ಅದೊಂದೇ ಅಲ್ವಾ?"

ಅವರು ಬೇಡಿಕೊಳ್ಳಲೂ ಇಲ್ಲ, ಸುಮ್ಮನೆ ಕೇಳಿದರು. ನಾನು ಬಾಲ ಮುದುರಿಕೊಂಡು ಕೂತೆ. ಹೊಸ ಸೈಲೆನ್ಸರೇ ಉಳಿಯಿತು.

ಕೊನೆಗೆ ಬ್ರಹ್ಮಾಸ್ತ್ರ ಹೊಳೆಯಿತು. ಕಾರು ಇದ್ದರೆ ತಾನೇ ಸದ್ದು? ಒಂದು ಸಂಜೆ ಕಾರನ್ನು ಕ್ಲಿನಿಕ್ ಮುಂದೆಯೇ ಬಿಟ್ಟು, ಗೋಡೆ ಸವರಿಕೊಂಡು ನಡೆದೇ ಬೇಕರಿಗೆ ಹೋದೆ. ಒಳಮೂಲೆ. ಪುಟ್ಟ ಮೇಜು. ಚಾಕೊಲೇಟಿನ ಪರಿಮಳ. ಚಮಚ ತುಂಬಿಕೊಂಡು ಬಾಯಿಯ ಹತ್ತಿರ ತಂದೆ. ಬೇಕರಿಯವನು ಫೋನ್ ಹಿಡಿದು ಬಂದ.

"ಸಾರ್, ನಿಮಗೆ."

"ರೀ," ಎಂದಿತು ಫೋನು. "ಕ್ಲಿನಿಕ್ಕಲ್ಲಿ ಯಾರೂ ಫೋನ್ ಎತ್ತಲ್ಲ. ಕಾರಿನ ಸದ್ದೂ ಇಲ್ಲ. ಅಂದ್ರೆ ನಡ್ಕೊಂಡು ಎಲ್ಲಿಗೋ ಹೋಗಿದ್ದೀರಿ. ನಡುಮನೆಯಿಂದ ಅಡುಗೆಮನೆಗೆ ಬಂದು ಲೋಟ ತಗೊಳ್ಳೋಕೆ ಆಗದವರು ನೀವು. ಅಷ್ಟು ದೂರ ನಡೆಯೋಷ್ಟು ಆಸೆ ನಿಮಗೆ ಇನ್ನೆಲ್ಲಿರುತ್ತೆ? ಚಮಚ ಕೆಳಗಿಡಿ."

ಇಟ್ಟೆ. ಸದ್ದು ಇದ್ದರೂ ಸಿಕ್ಕಿಬೀಳುವುದು, ಇಲ್ಲದಿದ್ದರೂ ಸಿಕ್ಕಿಬೀಳುವುದು ಎಂದು ಆ ಗಳಿಗೆಯಲ್ಲಿ ನನಗೆ ಮನವರಿಕೆಯಾಯಿತು.

ಮನೆಗೆ ಹೋದರೆ ಗಲಾಟೆ ಏನೂ ಇರಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ನನ್ನಾಕೆ ನಗುನಗುತ್ತಾ ನೀರು ಕೊಟ್ಟಳು.

"ನಡೆದು ಬಂದ್ರಲ್ಲ, ಮುಖ ಎಷ್ಟು ಗೆಲುವಾಗಿದೆ ನೋಡಿ. ಸಕ್ಕರೆಗೂ ಒಳ್ಳೇದು. ನಾಳೆಯಿಂದ ದಿನಾ ಕ್ಲಿನಿಕ್ಕಿಗೆ ನಡ್ಕೊಂಡೇ ಹೋಗಿ ಬನ್ನಿ. ಕಾರಿನ ಕೀಲಿ ಇಲ್ಲಿಡಿ."

"ಅತ್ತೆಗೆ ಸದ್ದು ಕೇಳಿಸಬೇಕಲ್ಲ!" ಎಂದು ಕೊನೆಯ ಹುಲ್ಲುಕಡ್ಡಿ ಹಿಡಿದೆ.

"ನಾನು ಓಡಿಸ್ತೀನಿ. ಅಮ್ಮನ್ನ ಪಕ್ಕದಲ್ಲೇ ಕೂರಿಸ್ಕೋತೀನಿ, ಇನ್ನೂ ಚೆನ್ನಾಗಿ ಕೇಳಿಸುತ್ತೆ."

"ನಾನು?"

"ಎರಡೇ ಸೀಟು ಅಲ್ವೇನ್ರೀ? ನೀವೇ ಆರಿಸಿ ತಂದಿದ್ದು."

ಈಗ ಸಂಜೆಯ ದೃಶ್ಯ ಹೀಗಿದೆ. ನಾನು ಕ್ಲಿನಿಕ್‌ನಿಂದ ನಡೆದು ಬಂದು, ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು, ಊಟಕ್ಕೆ ಸೌತೆಕಾಯಿ ಹೆಚ್ಚುತ್ತ ಕೂರುತ್ತೇನೆ. ತಾಯಿ ಮಗಳು ಕಾರಿನಲ್ಲಿ ಗಾಳಿಸೇವನೆಗೆ ಹೋಗಿರುತ್ತಾರೆ. ದಿನಾ ನಡೆದು ನಡೆದು ನನ್ನ ಹೊಟ್ಟೆ ಇಳಿದಿದೆ, ಕಿವಿ ಪಳಗಿದೆ. ನಿನ್ನೆಯೂ ಹಾಗೇ ಕೂತಿದ್ದೆ. ದೊಡ್ಡ ರಸ್ತೆಯಲ್ಲಿ ಬುಸ್ ಅಂದಿತು. ಬೇಕರಿ ತಿರುವಿನಲ್ಲಿ ಪಟಪಟ ಅಂದಿತು. ಆಮೇಲೆ ಗಪ್‌ಚಿಪ್.

ನಾನು ಕಿವಿ ನಿಮಿರಿಸಿದೆ. ಸೌತೆಕಾಯಿ ಪೂರ್ತಿ ಹೆಚ್ಚಿ ಮುಗಿಸಿದೆ. ಇನ್ನೊಂದನ್ನೂ ತೆಗೆದುಕೊಂಡು ಅರ್ಧ ಹೆಚ್ಚಿದೆ. ಆಗ ಮತ್ತೆ ಬುಸ್ ಅಂದಿತು.

ಕಾರು ಬಂದು ನಿಂತಿತು. ನೆಲಮಟ್ಟದ ಸೀಟಿನಿಂದ ಅತ್ತೆಯನ್ನು ಕೈಹಿಡಿದು ಮೇಲೆತ್ತಿದೆ. ಅವರು ಮಗುವಿನ ಹಾಗೆ ಬಾಯಿ ತುಂಬ ನಕ್ಕರು. ನಾನೇ ಅಳತೆ ತೆಗೆದು ಕೂರಿಸಿದ ಹಲ್ಲುಸೆಟ್ಟು ಅದು, ಮೇಲಿನ ಸಾಲಿನ ಮುಂಭಾಗದಲ್ಲಿ ಕಂದು ಬಣ್ಣದ್ದೇನೋ ಮೆತ್ತಿಕೊಂಡಿತ್ತು. ಚಾಕೊಲೇಟನ್ನು ಗುರುತಿಸಲು ನನಗೆ ಟಾರ್ಚ್ ಬೇಕಿಲ್ಲ.

"ಯಾಕೆ ಇಷ್ಟು ತಡ?" ಎಂದೆ.

ನನ್ನಾಕೆ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಒಳಗೆ ಹೋದಳು.

"ಸಿಗ್ನಲ್ಲಲ್ಲಿ ಸ್ವಲ್ಪ ತಡವಾಯ್ತು ರೀ."