ನಲವತ್ತು ವರ್ಷದ ಮಂಡಿನೋವು

ಆರೋಗ್ಯ ವಿಮೆ ಮಾಡಿಸಿದ ಮನೆಗೆ ಕಾಯಿಲೆ ಬರುತ್ತದೋ ಇಲ್ಲವೋ, ಇಂಥ ಪ್ರಸಂಗಗಳಂತೂ ತಪ್ಪದೆ ಬರುತ್ತಲೇ ಇರುತ್ತವೆ. ನಾನು ಮೈಸೂರಿನವಳು. ಕೋಲ್ಕತ್ತಾದ ಬೆಹಾಲಾದಲ್ಲಿ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮವರು ಧಾರವಾಡದವರು, ಇದೇ ಊರಿನ ಗಾರ್ಡನ್ ರೀಚ್ ಎಂಬಲ್ಲಿ ಎಂಜಿನಿಯರ್. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು, ಎಪ್ಪತ್ತು ದಾಟಿದ ಅತ್ತೆ. "ಓದದೆ ಸಹಿ ಹಾಕಬೇಡಿ" ಎಂದು ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರನ್ನು ಗದರುವ ನಾನೇ, ಅತ್ತೆಗೆ ಪಾಲಿಸಿ ಮಾಡಿಸುವಾಗ ಏಜೆಂಟ್ "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಬೆರಳಿಟ್ಟಲ್ಲೆಲ್ಲ ಅವರ ಕೈಲಿ ಸಹಿ ಹಾಕಿಸಿದೆ. ಮೂವತ್ತೆರಡು ಪುಟ. ಅದರ ಒಂದೊಂದು ಪದದ ಅರ್ಥವೂ ಆಮೇಲೆ ನಮಗೆ ಒಂದೊಂದು ಜಗಳದಿಂದ ತಿಳಿಯಿತು.

ಅತ್ತೆಯ ಒಂದು ಅಭ್ಯಾಸವನ್ನು ಮೊದಲೇ ಹೇಳಿಬಿಡಬೇಕು. ಕಾಲ ಎಷ್ಟೇ ಇರಲಿ, ಅವರ ಅಳತೆ ಒಂದೇ: ನಲವತ್ತು ವರ್ಷ. ಗ್ಯಾಸ್ ಸಿಲಿಂಡರ್ ಎರಡು ದಿನ ತಡವಾದರೆ "ಬುಕ್ ಮಾಡಿ ನಲವತ್ತು ವರ್ಷ ಆತು" ಅನ್ನುತ್ತಾರೆ. ಮಗಳು ಸ್ನಾನಕ್ಕೆ ಹೋದರೆ "ಒಳಗ ಹೋಗಿ ನಲವತ್ತು ವರ್ಷ ಆತು." ಲೆಕ್ಕದ ಟೀಚರಾದ ನಾನು ಮದುವೆಯಾದ ಹೊಸತರಲ್ಲಿ ತಿದ್ದುತ್ತಿದ್ದೆ. ಆಮೇಲೆ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಮೊದಲೇ ಇದ್ದ ಕಾಯಿಲೆ

ಏಜೆಂಟ್ ನಮ್ಮ ಸೋಫಾ ಮೇಲೆ ಕೂತು "ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್" ಅಂದರೇನು ಎಂದು ವಿವರಿಸಿದ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಮೈಯಲ್ಲಿರುವ ಕಾಯಿಲೆ. ಅದನ್ನು ಮುಚ್ಚಿಡಬಾರದು, ಮುಚ್ಚಿಟ್ಟರೆ ಮುಂದೆ ಹಣ ಸಿಗುವುದಿಲ್ಲ. ಇಷ್ಟು ಹೇಳಿ ಅವನು ಫಾರಂ ಹಿಡಿದು ಹಿಂದಿಯಲ್ಲಿ ಶುರು ಮಾಡಿದ, ಅವನಿಗೂ ಅತ್ತೆಗೂ ನಡುವೆ ಮಗಳು ದುಭಾಷಿ. ಬಿಪಿ ಇದೆಯಾ? ಶುಗರ್ ಇದೆಯಾ? ಹೃದಯದ ತೊಂದರೆ? ಮೂಳೆ, ಕೀಲು?

ಅತ್ತೆಗೆ ಇದು ಕಳ್ಳತನದ ವಿಚಾರಣೆಯ ಹಾಗೆ ಕೇಳಿಸಿತು. "ಇಲ್ಲ ಅಂದ್ರ ಇಲ್ಲ! ಎಷ್ಟು ಸಲ ಕೇಳ್ತಿ? ಮೂರನೇ ಮಾಳಿಗಿಗೆ ದಿನಾ ಎರಡೂ ಕೈಯಾಗ ಚೀಲ ಹಿಡಕೊಂಡು ಹತ್ತತೀನಿ. ನೀ ಬರೋವಾಗ ಎಲ್ಲಿ ನಿಂತು ಉಸರ ತಗೊಂಡಿ, ಹೇಳು."

ಅವನು ಎರಡನೇ ಮಹಡಿಯಲ್ಲಿ ನಿಂತಿದ್ದ. ಸುಮ್ಮನೆ "ಇಲ್ಲ" ಎಂದು ಬರೆದುಕೊಂಡ.

ವಯಸ್ಸಾದವರೆಂದು ಕಂಪನಿಯವರು ತಮ್ಮದೇ ಡಾಕ್ಟರ ಹತ್ತಿರ ತಪಾಸಣೆಗೆ ಕಳಿಸಿದರು. ಡಾಕ್ಟರು ಮಂಡಿ ಒತ್ತಿ ನೋಡಿ, ಒಂದು ಸಲ ಕೂತು ಏಳಿ ಅಂದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹತ್ತು ಬೈಠಕ್ ತೆಗೆದರು. ಎದ್ದು ನಿಂತು, "ಈಗ ನೀವು ತಗೀರಿ" ಅಂದರು. ಮಗಳು ಅದನ್ನೂ ಹಿಂದಿಗೆ ಅನುವಾದಿಸಿಬಿಟ್ಟಳು. ಡಾಕ್ಟರು ಪಾಪ ಒಳ್ಳೆಯವರು, ನಗುತ್ತ ಶುರು ಮಾಡಿ ನಾಲ್ಕಕ್ಕೆ ಮೇಜು ಹಿಡಿದುಕೊಂಡರು. ರಿಪೋರ್ಟಿನಲ್ಲಿ "ಮಂಡಿ, ನಡಿಗೆ ಎರಡೂ ಸಹಜ" ಎಂದು ಬರೆದರು. ಹೊರಗೆ ಬಂದ ಅತ್ತೆ ಏಜೆಂಟನಿಗೆ ಹೇಳಿದರು: "ನನಗಿಂತ ಮದಲ ಆ ಡಾಕ್ಟರಗ ಒಂದು ಪಾಲಿಸಿ ಮಾಡಸು."

ಕಾಯುವ ಅವಧಿ

ಪಾಲಿಸಿ ಕೈಗೆ ಬಂದಮೇಲೆ ತಿಳಿದ ಪದ "ವೇಟಿಂಗ್ ಪೀರಿಯಡ್". ಕೆಲವು ಆಪರೇಷನ್‌ಗಳಿಗೆ, ಮಂಡಿಯ ಕೀಲು ಬದಲಿಸುವುದೂ ಅದರಲ್ಲೊಂದು, ಮೊದಲ ಮೂರು ವರ್ಷ ಕಂಪನಿ ಏನೂ ಕೊಡುವುದಿಲ್ಲ. ಪ್ರೀಮಿಯಂ ಮಾತ್ರ ಮೊದಲ ದಿನದಿಂದಲೇ ಕಟ್ಟಬೇಕು.

"ಅಂದ್ರ ರೊಕ್ಕ ಇವತ್ತು ಕೊಡೋದು, ಬ್ಯಾನಿ ಮೂರು ವರ್ಷ ಬಿಟ್ಟು ಬರಬೇಕು?" ಎಂದು ಅತ್ತೆ ಕೇಳಿದರು. ನಮ್ಮವರು ಹೌದು ಅಂದರು. "ಚಲೋ ಆತು" ಎಂದು ಅತ್ತೆ ಎದ್ದು ಹೋದರು. ಅವರು ಅದನ್ನು ಆಜ್ಞೆಯೆಂದು ತಿಳಿದರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೂರನೇ ವರ್ಷ ಅತ್ತೆ ಮಾರ್ಕೆಟ್ಟಿಗೆ ಹೋಗುವುದನ್ನು ನಿಲ್ಲಿಸಿದರು. ಇದು ಸಣ್ಣ ಸಂಗತಿಯಲ್ಲ. ಬೆಹಾಲಾದ ಮಾರ್ಕೆಟ್ಟಿನಲ್ಲಿ ಎಣ್ಣೆಗಾಯಿಗೆ ಬೇಕಾದ ಎಳೆಯ ಬದನೆಕಾಯಿ ಬೆಳಗ್ಗೆ ಬೇಗ ಹೋದವರಿಗೆ ಮಾತ್ರ ಸಿಗುತ್ತದೆ. ಅದನ್ನು ಒಂದೊಂದಾಗಿ ಆರಿಸುವುದು ಅತ್ತೆಯ ರಾಜ್ಯಭಾರ. ಕೇಳಿದರೆ ಬಿಸಿಲು ಅಂದರು, ಮಳೆ ಅಂದರು, ಮೆಟ್ಟಿಲು ತೊಳೆದಿದ್ದಾರೆ ಜಾರುತ್ತದೆ ಅಂದರು. ನಮ್ಮವರು ಹೋಗಿ ತಲೆಯಷ್ಟು ದಪ್ಪದ ಬದನೆಕಾಯಿ ತರತೊಡಗಿದರು. ಅತ್ತೆ ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಬದನೆಕಾಯಿಗೆ ಅತ್ತರು ಅಂದುಕೊಂಡ ನಾವು ಎಷ್ಟು ಮಂಕರು!

ಒಂದು ಬೆಳಗ್ಗೆ ಅವಲಕ್ಕಿ ತಿನ್ನುತ್ತ ಅತ್ತೆ ತಣ್ಣಗೆ ಹೇಳಿದರು: "ಎರಡೂ ಮಂಡಿ ಭಾಳ ನೋಯಾಕ ಹತ್ಯಾವು. ಡಾಕ್ಟರಗ ತೋರಸ್ರಿ."

"ಯಾವಾಗಿನಿಂದ ಅವ್ವಾ?" ನಮ್ಮವರು ಗಾಬರಿಯಾದರು.

"ವರ್ಷದ ಮ್ಯಾಲಾತು. ನಿನ್ನೆಗೆ ಮೂರು ವರ್ಷ ಮುಗೀತಲ್ಲ, ಅದಕ್ಕ ಇವತ್ತು ಹೇಳಿದೆ."

ನನಗೆ ನಗುವೂ ಬಂತು, ಸಂಕಟವೂ ಆಯಿತು. ಕ್ಯಾಲೆಂಡರಿನಲ್ಲಿ ಹಿಂದಿನ ದಿನಕ್ಕೆ ಕುಂಕುಮದ ಚುಕ್ಕೆ ಇಟ್ಟಿದ್ದರು. ಅವರ ಬಾಯಿಂದ ಕಾಲದ ಸರಿಯಾದ ಲೆಕ್ಕ ಬಂದದ್ದು ಅದೇ ಮೊದಲ ಸಲ. ಕೇಳಿಸಿಕೊಳ್ಳಲು ಕಂಪನಿಯವರು ಯಾರೂ ಅಲ್ಲಿರಲಿಲ್ಲ.

ಡೀಲಕ್ಸ್ ರೂಮು

ಎರಡೂ ಮಂಡಿ ಬದಲಿಸಬೇಕು ಎಂದು ತೀರ್ಮಾನವಾಯಿತು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿದ್ದ ಹೆಂಗಸು ನಗುನಗುತ್ತ, "ಡೀಲಕ್ಸ್ ರೂಮ್ ತೊಗೊಳ್ಳಿ ಮೇಡಂ, ಸೋಫಾ ಇದೆ, ಕಿಟಕಿಯಿಂದ ಕೆರೆ ಕಾಣುತ್ತೆ. ರೂಮಿನ ವ್ಯತ್ಯಾಸ ನೀವು ಕೊಟ್ಟರಾಯಿತು" ಅಂದಳು.

ಅಷ್ಟರಲ್ಲಿ ನಾನು ಮೂವತ್ತೆರಡು ಪುಟವನ್ನೂ ಪೆನ್ಸಿಲ್ ಹಿಡಿದು ಓದಿ ಮುಗಿಸಿದ್ದೆ. "ರೂಮಿನ ವ್ಯತ್ಯಾಸ ಮಾತ್ರ ಅಲ್ಲ" ಅಂದೆ. ಅವಳ ಕಾಗದವನ್ನೇ ತಿರುಗಿಸಿ ಬರೆದು ತೋರಿಸಿದೆ. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ ಐದು ಸಾವಿರದ ಮಿತಿ. ಡೀಲಕ್ಸ್ ಹತ್ತು ಸಾವಿರ. ಅಂದರೆ ಮಿತಿಯ ಎರಡರಷ್ಟು. ಆಗ ಕಂಪನಿ ರೂಮಿಗಷ್ಟೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರು, ನರ್ಸಿಂಗು ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಅರ್ಧ ಮಾಡುತ್ತದೆ. "ನಿಮ್ಮ ಸೋಫಾ ಮೇಲೆ ಕೂತರೆ ನನ್ನ ಅತ್ತೆಗೆ ಒಂದೇ ಮಂಡಿ ಬರೋದು" ಎಂದು ಗೆರೆ ಎಳೆದು ಉತ್ತರ ಬರೆದೆ. ನನ್ನ ಹಿಂದೆ ಸಾಲಿನಲ್ಲಿದ್ದ ಇಬ್ಬರು ತಮ್ಮ ಡೀಲಕ್ಸ್ ಫಾರಂ ವಾಪಸ್ ತೆಗೆದುಕೊಂಡರು.

ಆ ಹೆಂಗಸು ಕಾಗದವನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿದಳು. ಸೆಕ್ಯುರಿಟಿಯನ್ನು ಕರೆಯುತ್ತಾಳೆ ಅಂದುಕೊಂಡೆ. ಅವಳು ಮೆಲ್ಲಗೆ ಬಗ್ಗಿ, "ಮೇಡಂ, ನೀವು ಟ್ಯೂಷನ್ ತೊಗೊಳ್ತೀರಾ? ನನ್ನ ಮಗಳು ಅನುಪಾತದಲ್ಲಿ ಬಹಳ ವೀಕು" ಅಂದಳು.

ಕ್ಯಾಶ್‌ಲೆಸ್

"ಕ್ಯಾಶ್‌ಲೆಸ್" ಅಂದರೆ ನಾವು ಕೈಯಿಂದ ಕೊಡುವುದು ಬೇಡ, ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುತ್ತದೆ. ಆದರೆ ಮೊದಲು ಅದರ ಒಪ್ಪಿಗೆ ಬರಬೇಕು. ಅತ್ತೆಗೆ ಹಸಿರು ಗೌನು ತೊಡಿಸಿ ಕೂರಿಸಿದ್ದಾಯಿತು. ಒಪ್ಪಿಗೆ ಬರಲಿಲ್ಲ, ನಿರಾಕರಣೆ ಬಂತು. ಕಾರಣ: ರೋಗಿಗೆ ನಲವತ್ತು ವರ್ಷಗಳಿಂದ ಮಂಡಿನೋವಿದೆ, ಪಾಲಿಸಿ ಪಡೆಯುವಾಗ ಮುಚ್ಚಿಟ್ಟಿದ್ದಾರೆ.

ಆಸ್ಪತ್ರೆಗೆ ಸೇರಿಸಿದ ದಿನ, ನಾನು ಶಾಲೆಯಲ್ಲಿದ್ದಾಗ, ಅಲ್ಲಿನ ಕಿರಿಯ ಡಾಕ್ಟರೊಬ್ಬರು ಬಂದು ಎಷ್ಟು ದಿನದಿಂದ ನೋವು ಎಂದು ಕೇಳಿದ್ದರು. ಅತ್ತೆ ಎಂದಿನಂತೆ "ಅಯ್ಯ, ನಲವತ್ತು ವರ್ಷ ಆತು" ಅಂದಿದ್ದರು. ಪಕ್ಕದಲ್ಲಿದ್ದ ಮಗಳು "ಚಾಲೀಸ್ ಸಾಲ್" ಅಂದಿದ್ದಳು. ಡಾಕ್ಟರು ಹಾಗೆಯೇ ಬರೆದುಕೊಂಡಿದ್ದರು, ಅದೇ ಕಾಗದ ಕಂಪನಿಗೆ ಹೋಗಿತ್ತು.

"ನಾನು ಎಕ್ಸಾಕ್ಟ್ ಟ್ರಾನ್ಸ್‌ಲೇಟ್ ಮಾಡಿದೆ ಅಮ್ಮ" ಎಂದು ಮಗಳು ಅಳತೊಡಗಿದಳು. ಅದೇ ತೊಂದರೆ. ಕನ್ನಡವನ್ನು ಕೇಳಿ ಮಾತ್ರ ಬೆಳೆದ ಹುಡುಗಿ, ಅಜ್ಜಿಯ ಮಾತಿನಲ್ಲಿ ಎಷ್ಟು ಕಳೆಯಬೇಕು ಎಂಬುದು ಅವಳಿಗೆ ತಿಳಿಯದು.

ನಮ್ಮವರು ವಾಪಸ್ ಮನೆಗೆ ಹೋಗೋಣ ಅಂದರು. ಅತ್ತೆ ಗೌನಿನಲ್ಲೇ ನೆಟ್ಟಗೆ ಕೂತರು. "ನಾ ಹೋಗಂಗಿಲ್ಲ. ನನ್ನ ಎಫ್‌ಡಿ ಮುರೀರಿ. ಅದರಾಗ ಒಂದು ಕಾಲು ಆಗ್ತೈತಿ. ಇನ್ನೊಂದು ಕಾಲಿನ ರೊಕ್ಕ ಅವರ ಕಡೆಯಿಂದನ ಇಸ್ಕೊಂಡು ಮಾಡಸ್ತೀನಿ. ಅಲ್ಲೀತನಕ ಆ ಕಾಲು ವೇಟಿಂಗ್ ಪೀರಿಯಡ್ಡಿನಾಗ ಇರಲಿ."

ಶುಭಾಶಯ

ಒಂದು ಹೊಸ ಮಂಡಿ, ಒಂದು ಹಳೆಯ ಮಂಡಿ ಇಟ್ಟುಕೊಂಡು ಅತ್ತೆ ಮನೆಗೆ ಬಂದರು. ಮನೆಯೊಳಗೆ ಓಡಾಡಬಹುದು, ಮೂರು ಮಹಡಿ ಇಳಿಯುವ ಹಾಗಿಲ್ಲ. ಬಾಲ್ಕನಿಯಿಂದ ಮಾರ್ಕೆಟ್ಟಿಗೆ ಹೋಗುವವರ ಖಾಲಿ ಚೀಲ, ಬರುವವರ ತುಂಬಿದ ಚೀಲ ನೋಡುತ್ತ ಕೂರುತ್ತಿದ್ದರು. ನಾನು ಕಂಪನಿಗೆ ಕಾಗದದ ಮೇಲೆ ಕಾಗದ ಬರೆದೆ. ಒಂದು ಬೆಳಗ್ಗೆ ಎರಡು ಸಂದೇಶ ಒಟ್ಟಿಗೆ ಬಂದವು. ಒಂದರಲ್ಲಿ "ನಿಮ್ಮ ಮನವಿ ತಿರಸ್ಕೃತವಾಗಿದೆ" ಎಂದಿತ್ತು. ಇನ್ನೊಂದರಲ್ಲಿ ಅತ್ತೆಗೆ ಹುಟ್ಟುಹಬ್ಬದ ಶುಭಾಶಯ, ಜೊತೆಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದರೆ ಮುಂದಿನ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ.

ಅತ್ತೆ ಎರಡನ್ನೂ ಕೇಳಿಸಿಕೊಂಡರು. "ಬರೀ, ಒಂದು ಕಾಲೀಲೆ ಐದು ಸಾವಿರ ನಡೀತೀನಿ, ಅರ್ಧಾ ರಿಯಾಯಿತಿ ಕೊಡ್ರಿ ಅಂತ ಬರೀ" ಅಂದರು. ಬರೆದೆ.

ವಿಚಾರಣೆ

ವಿಮಾ ಕಂಪನಿಗಳ ಮೇಲಿನ ದೂರು ಕೇಳಲು ಒಂಬುಡ್ಸ್‌ಮನ್ ಎಂಬ ಅಧಿಕಾರಿ ಇರುತ್ತಾರೆ. ವಕೀಲರು ಬೇಡ, ಶುಲ್ಕ ಇಲ್ಲ, ನಮ್ಮ ಮಾತು ನಾವೇ ಹೇಳಬಹುದು. ಈ ಕೊನೆಯ ಅನುಕೂಲವೇ ನನಗೆ ಭಯ ಹುಟ್ಟಿಸಿತ್ತು. ಆದರೂ ದೂರು ಕೊಟ್ಟೆ. ವಿಚಾರಣೆಯ ದಿನ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಪಾಡಾದ, ಅಂದರೆ ನಮ್ಮ ಓಣಿಯ, ನಾಲ್ವರು ಗಂಡಸರು ಹೊತ್ತು ಕೆಳಗಿಳಿಸಿದರು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ. "ಅತ್ತೆ, ಎಷ್ಟು ವರ್ಷದಿಂದ ನೋವು ಅಂತ ಕೇಳಿದರೆ ಎರಡು ಅನ್ನಿ. ನಿಜ ಅದೇ ತಾನೆ?" ಅತ್ತೆ ತಲೆಯಾಡಿಸಿದರು. ಅಲ್ಲಿ ನಮ್ಮ ಸರದಿ ಬರಲು ಅರ್ಧ ಗಂಟೆಯಾಯಿತು.

ಒಳಗೆ ಕಂಪನಿಯ ಪ್ರತಿನಿಧಿ ಆಸ್ಪತ್ರೆಯ ಕಾಗದ ಓದಿದ. "ಸರ್, ನಲವತ್ತು ವರ್ಷ ಎಂದು ರೋಗಿಯೇ ಹೇಳಿದ್ದಾರೆ."

ಅಧಿಕಾರಿ ಹಿಂದಿಯಲ್ಲಿ ಕೇಳಿದರು: "ಮಾತಾಜಿ, ಎಷ್ಟು ವರ್ಷದಿಂದ ನೋವು?"

ಅತ್ತೆ ನನ್ನನ್ನು ನೋಡಿದರು, ಪ್ರತಿನಿಧಿಯನ್ನು ನೋಡಿದರು. ಅವನ ಮುಖದಲ್ಲಿ ಸಣ್ಣ ನಗು ಇತ್ತು. ಅದು ಅವರನ್ನು ಕೆಣಕಿತು. "ನಲವತ್ತು ವರ್ಷ!" ಅಂದರು. "ಅಂದದ್ದು ಅಂದೀನಿ. ಹೆದರಿ ಬದಲಸಂಗಿಲ್ಲ."

"ಚಾಲೀಸ್ ಸಾಲ್" ಎಂದು ಮಗಳು ಸಣ್ಣ ದನಿಯಲ್ಲಿ ಹೇಳಿದಳು. ನಮ್ಮವರು ಹಣೆ ಹಿಡಿದುಕೊಂಡರು. ಎರಡನೇ ಮಂಡಿ ಹೋಯಿತು ಅಂದುಕೊಂಡೆ. ನಾನು ಎದ್ದು ನಿಂತೆ. "ಸರ್, ದಯವಿಟ್ಟು ಇನ್ನೊಂದೆರಡು ಪ್ರಶ್ನೆ ಕೇಳಿ. ಯಾವುದಾದರೂ ಸರಿ, ಕಾಲದ ಬಗ್ಗೆ ಕೇಳಿ."

ಅಧಿಕಾರಿಗೆ ಕುತೂಹಲವಾಯಿತು. "ಕೋಲ್ಕತ್ತಾಗೆ ಬಂದು ಎಷ್ಟಾಯಿತು?"

"ನಲವತ್ತು ವರ್ಷ." ನಾವು ಬಂದು ಒಂಬತ್ತು ವರ್ಷ ಎಂದು ನಾನು ನಮ್ಮವರ ವರ್ಗಾವಣೆ ಪತ್ರ ತೋರಿಸಿದೆ.

"ಈ ಮೊಮ್ಮಗಳನ್ನು ಎಷ್ಟು ವರ್ಷದಿಂದ ನೋಡಿಕೊಳ್ಳುತ್ತಿದ್ದೀರಿ?"

"ಅಯ್ಯ, ನಲವತ್ತು ವರ್ಷದಿಂದ ಇಕೀ ಜಡಿ ಹಾಕಾಕ ಹತ್ತೀನಿ." ಮಗಳು ಎರಡು ಜಡೆಯ ಜೊತೆ ಸ್ಕೂಲ್ ಯೂನಿಫಾರಂನಲ್ಲೇ ನಿಂತು ಇದನ್ನೂ ನಿಷ್ಠೆಯಿಂದ ಅನುವಾದಿಸಿದಳು.

"ಇವತ್ತು ಹೊರಗೆ ಎಷ್ಟು ಹೊತ್ತು ಕಾದಿರಿ?"

"ಅದನ್ನಽ ಹೇಳಬೇಕಂತ ಮಾಡಿದ್ದೆ. ನಲವತ್ತು ವರ್ಷ ಕುಂದರಸೀರಿ!"

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರತಿನಿಧಿಯ ಕಡೆ ತಿರುಗಿ, "ಇವರ ಲೆಕ್ಕದಲ್ಲಿ ನಾನು ಕೆಲಸಕ್ಕೆ ಸೇರುವ ಮೊದಲಿಂದ ಇವರು ನನ್ನ ಬಾಗಿಲಲ್ಲಿ ಕಾಯುತ್ತಿದ್ದಾರೆ" ಅಂದರು.

ಪ್ರತಿನಿಧಿ ಬಿಡಲಿಲ್ಲ. ಕಾಯಿಲೆ ಮುಚ್ಚಿಟ್ಟಿದ್ದಂತೂ ನಿಜ ಅಂದ. ಆ ಮಾತು ಅತ್ತೆಗೆ ಅರ್ಥವಾಯಿತು. "ಯಾರು ಮುಚ್ಚಿಟ್ಟವರು? ನಿಮ್ಮ ಡಾಕ್ಟರ ಮುಂದ ಹತ್ತು ಬೈಠಕ್ ತಗದೀನಿ. ನಾಕಕ್ಕ ಮೇಜು ಹಿಡಿದಾಂವ ಅವ. ನಂಬಿಕಿ ಇಲ್ಲಂದ್ರ ಈಗೂ ತಗೀತೀನಿ, ಹೊಸಾ ಕಾಲೀಲೆ!" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. ನಾನು, ನಮ್ಮವರು, ಅಧಿಕಾರಿ, ಕೊನೆಗೆ ಆ ಪ್ರತಿನಿಧಿಯೂ ಓಡಿಬಂದು ಹಿಡಿದುಕೊಂಡೆವು. ಹಿಡಿದುಕೊಂಡೇ ನಾನು, ಪಾಲಿಸಿ ಮಾಡಿಸುವಾಗ ಕಂಪನಿ ಡಾಕ್ಟರು ಬರೆದ ರಿಪೋರ್ಟನ್ನು ಅಧಿಕಾರಿಯ ಕೈಗಿತ್ತೆ. ಮಂಡಿ, ನಡಿಗೆ ಎರಡೂ ಸಹಜ. ಕೆಳಗೆ ಕಂಪನಿಯದೇ ಸೀಲು.

ಮೊದಲನೇ ಮಂಡಿಯ ಹಣ ಮೂವತ್ತು ದಿನದಲ್ಲಿ ಕೊಡಬೇಕು, ಎರಡನೆಯದಕ್ಕೆ ಇದೇ ನೆಪ ಹೇಳಬಾರದು ಎಂದು ಆದೇಶವಾಯಿತು. "ಮೂವತ್ತು ದಿನ ಅಂದ್ರ ಎಷ್ಟಾತು?" ಎಂದು ಅತ್ತೆ ಕೇಳಿದರು. ಅಧಿಕಾರಿ ಬೇಗ ಬೇಗ ಮುಂದಿನ ಕೇಸನ್ನು ಕರೆದರು.

ಎರಡನೇ ಮಂಡಿಯೂ ಆಯಿತು. ಡಾಕ್ಟರು ಮೆಟ್ಟಿಲಿಳಿಯಬಹುದು ಎಂದ ಮರುದಿನ ಬೆಳಗ್ಗೆಯೇ ಅತ್ತೆ ಕೈಯಲ್ಲಿ ಚೀಲ ಹಿಡಿದು ಮೂರು ಮಹಡಿ ಇಳಿದರು. ನಾನು ಒಂದು ಮೆಟ್ಟಿಲು ಹಿಂದೆ, ಎರಡೂ ಕೈ ಚಾಚಿಕೊಂಡು. ಅವರು ಒಂದು ಸಲವೂ ಪಕ್ಕದ ಕಂಬಿ ಹಿಡಿಯಲಿಲ್ಲ. ಬದನೆಕಾಯಿ ಮಾರುವವನು ದೂರದಿಂದಲೇ ಕಂಡು ಎದ್ದು ನಿಂತ. "ಮಾಶಿಮಾ! ಎಷ್ಟು ಕಾಲವಾಯಿತು ನಿಮ್ಮನ್ನು ನೋಡಿ!"

"ಚಾಲೀಸ್ ಸಾಲ್!" ಎಂದರು ಅತ್ತೆ. ಮುಖ ಅರಳಿತ್ತು. ಕೂತು, ಹೌದು, ಕೂತು, ಒಂದೊಂದಾಗಿ ಎಳೆಯ ಬದನೆಕಾಯಿ ಆರಿಸಿ ತಕ್ಕಡಿಗೆ ಹಾಕಿ, ಯಾರ ಕೈಯನ್ನೂ ಹಿಡಿಯದೆ ಎದ್ದರು. ನನ್ನ ಕಣ್ಣು ತುಂಬಿತು. ಮಾರುವವನು ಬೆಲೆ ಹೇಳಿದ. ಅತ್ತೆ ಹೌಹಾರಿದರು. ಇಷ್ಟೊಂದು ಎಲ್ಲಿತ್ತು ಎಂದು ತಮ್ಮ ಹರಕು ಹಿಂದಿಯಲ್ಲಿ ದಬಾಯಿಸಿದರು.

ಅವನು ಕೈಮುಗಿದ. "ಮಾಶಿಮಾ, ನಲವತ್ತು ವರ್ಷವಾಯಿತು ಅಂತ ನೀವೇ ಅಂದಿರಿ. ಬೆಲೆ ಏರದೆ ಇರುತ್ತಾ?"

"ಏ, ಎಲ್ಲೀ ನಲವತ್ತು ವರ್ಷ? ಎರಡು ವರ್ಷ ಸುದ್ದಾ ಆಗಿಲ್ಲ! ದೋ ಸಾಲ್ ಭೀ ನಹೀ ಹುವಾ!"

ಡಾಕ್ಟರ ಮುಂದೆ, ಕಂಪನಿಯ ಮುಂದೆ, ಒಂಬುಡ್ಸ್‌ಮನ್ನರ ಮುಂದೆ ಒಂದು ದಿನವನ್ನೂ ಬಿಟ್ಟುಕೊಡದ ನನ್ನ ಅತ್ತೆ, ಅರ್ಧ ಕಿಲೋ ಬದನೆಕಾಯಿಗೆ ಮೂವತ್ತೆಂಟು ವರ್ಷ ಬಿಟ್ಟುಕೊಟ್ಟರು.